ಹೆಬ್ಬೆಟ್ಟಿನ ಗುರುತು

ಓದುಬರಹ ಬಾರದವರನ್ನು ಹೀಗಳೆಯಬೇಕೆಂದರೆ ನಮ್ಮ ಜನ ಉದ್ದುದ್ದ ಮಾತನಾಡುವುದಿಲ್ಲ. ‘ಅವಳು ಹೆಬ್ಬೆಟ್ಟು’ ಎಂದುಬಿಟ್ಟರೆ ಮುಗಿಯಿತು. 1990ರ ದಶಕದಲ್ಲಿ ಸಾಕ್ಷರತಾ ಆಂದೋಲನ ಊರೂರಿಗೆ ಬಂದಾಗ, ಆಗಷ್ಟೇ ಕೆಲಸಕ್ಕೆ ಸೇರಿದ್ದ ನನ್ನಂಥ ಉಪಾಧ್ಯಾಯಿನಿಯರು ಸಂಜೆ ಹೊತ್ತು ಹೆಂಗಸರನ್ನು ಕೂಡಿಸಿಕೊಂಡು ಅವರವರ ಹೆಸರು ಬರೆಯಲು ಕಲಿಸಿದೆವು. ಇನ್ನು ಮುಂದೆ ಬ್ಯಾಂಕಿನಲ್ಲಾಗಲಿ ಪಂಚಾಯಿತಿಯಲ್ಲಾಗಲಿ ಹೆಬ್ಬೆಟ್ಟು ಒತ್ತಬೇಕಾಗಿಲ್ಲ ಎಂಬುದೇ ಅವರಿಗೆ ದೊಡ್ಡ ಆಸೆ. ಬೆರಳಿಗೆ ಹತ್ತಿದ ನೇರಳೆ ಮಸಿಯನ್ನು ಗೋಡೆಗೆ ಒರೆಸಿಕೊಂಡು ಹೊರಬರುವ ನಾಚಿಕೆ ಅನುಭವಿಸಿದವರಿಗೇ ಗೊತ್ತು.

ಆದರೆ ಇದೇ ಹೆಬ್ಬೆಟ್ಟಿಗೆ ದೊಡ್ಡದೊಂದು ಚರಿತ್ರೆಯಿದೆ. ಪತ್ರಿಕೆಗಳಲ್ಲಿ ಕಳ್ಳತನದ ವರದಿ ಓದುವಾಗ ‘ಶ್ವಾನದಳ ಹಾಗೂ ಬೆರಳಚ್ಚು ತಜ್ಞರು ಸ್ಥಳಕ್ಕೆ ಭೇಟಿ ನೀಡಿದರು’ ಎಂಬ ವಾಕ್ಯವನ್ನು ನಾವು ಎಷ್ಟು ಸಲ ಓದಿಲ್ಲ! (ಬೆರಳಚ್ಚು ಎಂದರೆ ಟೈಪಿಂಗ್ ಎಂದೂ ಅರ್ಥವಿರುವುದರಿಂದ, ಕೊಲೆಯಾದ ಮನೆಗೆ ಟೈಪಿಸ್ಟರು ಏಕೆ ಹೋಗುತ್ತಾರೆಂದು ಏಳನೆಯ ತರಗತಿಯ ಹುಡುಗಿಯೊಬ್ಬಳು ನನ್ನನ್ನು ಕೇಳಿದ್ದುಂಟು.) ಅಪರಾಧದ ಜಾಡನ್ನು ವಿಜ್ಞಾನದ ನೆರವಿನಿಂದ ಹಿಡಿಯುವ ಶಾಸ್ತ್ರಕ್ಕೆ ವಿಧಿವಿಜ್ಞಾನ ಎನ್ನುತ್ತಾರೆ. ಅದಕ್ಕೆ ಹಲವು ಕವಲುಗಳು. 1836ರಲ್ಲಿ ಇಂಗ್ಲೆಂಡಿನ ಜೇಮ್ಸ್ ಮಾರ್ಷ್, ಸತ್ತವರ ದೇಹದಲ್ಲಿ ಆರ್ಸೆನಿಕ್ ಎಂಬ ಪಾಷಾಣ ಅತ್ಯಲ್ಪವಿದ್ದರೂ ತೋರಿಸಿಕೊಡುವ ಪರೀಕ್ಷೆಯನ್ನು ಪ್ರಕಟಿಸಿದ. 1849ರಲ್ಲಿ ಮದರಾಸಿನಲ್ಲಿ ಸರ್ಕಾರಿ ರಾಸಾಯನಿಕ ಪರೀಕ್ಷಕರ ಪ್ರಯೋಗಾಲಯ ಶುರುವಾಯಿತು. 1901ರಲ್ಲಿ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಬಿಡಿಸಿ ಹೇಳಿದ. 1984ರಲ್ಲಿ ಇಂಗ್ಲೆಂಡಿನ ಅಲೆಕ್ ಜೆಫ್ರಿಸ್ ಡಿಎನ್‌ಎ ಗುರುತನ್ನು ಕಂಡುಹಿಡಿದ. ಇವೆಲ್ಲ ಒಂದೊಂದೂ ಒಂದೊಂದು ಪುಸ್ತಕಕ್ಕಾಗುವ ವಿಷಯ. ನಾನು ಹೇಳಹೊರಟಿರುವುದು ನಮ್ಮ ದೇಶದ ಮಣ್ಣಿನಲ್ಲೇ ಬೆಳೆದ ಕವಲಿನ ಬಗ್ಗೆ.

1858ನೆಯ ಇಸವಿ. ಸಿಪಾಯಿ ದಂಗೆಯ ಬಿಸಿ ಇನ್ನೂ ಆರಿರಲಿಲ್ಲ. ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ತರುಣ ಇಂಗ್ಲಿಷ್ ಅಧಿಕಾರಿಯಿದ್ದ. ಖಗೋಳ ವಿಜ್ಞಾನಿಗಳ ಮನೆತನದವನು. ರಸ್ತೆಗೆ ಹಾಕುವ ಕಲ್ಲುಜಲ್ಲಿ ಒದಗಿಸಲು ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರ ಒಪ್ಪಿಕೊಂಡ. ಕರಾರು ಪತ್ರ ಸಿದ್ಧವಾಯಿತು. ಸಹಿ ಹಾಕುವ ಹೊತ್ತಿಗೆ ಹರ್ಷೆಲ್‌ಗೆ ಏನೋ ಹೊಳೆಯಿತು. ಕಚೇರಿಯ ಮೊಹರಿಗೆ ಬಳಸುವ ಎಣ್ಣೆಮಸಿಯನ್ನು ಕೋನಾಯಿಯ ಅಂಗೈಗೂ ಬೆರಳುಗಳಿಗೂ ಬಳಿದು, ಇಡೀ ಕೈಯನ್ನು ಕಾಗದದ ಮೇಲೆ ಒತ್ತಿಸಿಕೊಂಡ.

ಇದನ್ನು ಓದಿದ ಯಾರಾದರೂ, ಪಾಪ, ಕೋನಾಯಿಗೆ ಬರೆಯಲು ಬರುತ್ತಿರಲಿಲ್ಲ ಎಂದುಕೊಳ್ಳುತ್ತಾರೆ. ಹಾಗಲ್ಲ. ಆ ಕರಾರು ಪತ್ರವನ್ನು ಬರೆದವನೇ ಕೋನಾಯಿ. ಮೇಲಿನ ಮೂಲೆಯಲ್ಲಿ ಸಹಿ ಹಾಕಲು ಹೊರಟವನನ್ನು ಹರ್ಷೆಲ್ಲನೇ ತಡೆದು ನಿಲ್ಲಿಸಿದ್ದು. ‘ಈ ಸಹಿ ನನ್ನದಲ್ಲ’ ಎಂದು ಈತ ನಾಳೆ ನುಣುಚಿಕೊಳ್ಳದ ಹಾಗೆ ಹೆದರಿಸುವುದು ತನ್ನ ಉದ್ದೇಶವಾಗಿತ್ತೆಂದು ಹರ್ಷೆಲ್ಲನೇ 1916ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಎಂದರೆ ಈ ಶಾಸ್ತ್ರದ ಮೊದಲ ಅಧ್ಯಾಯದಲ್ಲಿ ಇರುವ ಗುರುತು ಅಕ್ಷರ ಬಾರದವನದಲ್ಲ, ಅಕ್ಷರ ಬಲ್ಲವನದು. ಕೊರತೆಯಿದ್ದದ್ದು ಅಕ್ಷರಕ್ಕಲ್ಲ, ಆಳುವವರಿಗೆ ಆಳಿಸಿಕೊಳ್ಳುವವರ ಮೇಲೆ ಇರಬೇಕಾದ ನಂಬಿಕೆಗೆ.

ಆಟದಂತೆ ಶುರುವಾದದ್ದು ಹರ್ಷೆಲ್‌ಗೆ ಗೀಳಾಯಿತು. ಸ್ನೇಹಿತರ, ಬಂಧುಗಳ, ತನ್ನದೇ ಬೆರಳಿನ ಗುರುತುಗಳನ್ನು ವರ್ಷಗಟ್ಟಲೆ ಬಿಟ್ಟು ಬಿಟ್ಟು ತೆಗೆದು ಹೋಲಿಸಿದ. ಮುಖ ಸುಕ್ಕಾದರೂ, ಕೂದಲು ನರೆತರೂ ಆ ಗೆರೆಗಳು ಮಾತ್ರ ಇದ್ದಂತೆಯೇ ಇದ್ದವು. 1877ರಲ್ಲಿ ಹೂಗ್ಲಿಯ ಮ್ಯಾಜಿಸ್ಟ್ರೇಟ್ ಆಗಿದ್ದಾಗ ಪಿಂಚಣಿದಾರರಿಂದ, ಪತ್ರ ನೋಂದಣಿಗೆ ಬಂದವರಿಂದ, ಸೆರೆಮನೆಯ ಕೈದಿಗಳಿಂದ ಬೆರಳ ಗುರುತು ಪಡೆಯುವ ಪದ್ಧತಿ ತಂದ. ಸತ್ತವರ ಹೆಸರಿನಲ್ಲಿ ಬದುಕಿದ್ದವರು ಪಿಂಚಣಿ ಎಣಿಸಿಕೊಳ್ಳುವ ಕಾಲ ಅದು.

ಬೆರಳ ತುದಿಯ ಗೆರೆಗಳನ್ನು ಗಮನಿಸುವುದು ನಮಗೇನೂ ಹೊಸದಲ್ಲ. ಹೆಣ್ಣು ನೋಡಲು ಬಂದವರಲ್ಲಿ ಯಾರಾದರೂ ಹಿರಿಯ ಮುತ್ತೈದೆ ಹುಡುಗಿಯ ಕೈ ಹಿಡಿದು ‘ಎಷ್ಟು ಶಂಖ, ಎಷ್ಟು ಚಕ್ರ’ ಎಂದು ಎಣಿಸುವ ರೂಢಿಯಿತ್ತು. ಗುಂಡಗೆ ಸುತ್ತಿಕೊಂಡಿದ್ದರೆ ಚಕ್ರ, ಒಂದು ಕಡೆಗೆ ಬಾಯಿ ತೆರೆದಿದ್ದರೆ ಶಂಖ. ಪೊಲೀಸರ ಶಾಸ್ತ್ರದಲ್ಲೂ ಮುಖ್ಯ ಭೇದಗಳು ಇವೇ. ಸುಳಿ, ಕುಣಿಕೆ, ಇವೆರಡಕ್ಕಿಂತ ಅಪರೂಪವಾದ ಕಮಾನು. ಚಕ್ರವಿದ್ದರೆ ಭಾಗ್ಯವಂತೆ ಎಂಬುದಕ್ಕೆ ಆಧಾರವಿಲ್ಲ. ಆದರೆ ತಾಯ ಗರ್ಭದಲ್ಲಿ ಆರನೆಯ ತಿಂಗಳ ಹೊತ್ತಿಗೆ ಈ ಗೆರೆಗಳು ನೆಲೆಗೊಳ್ಳುತ್ತವೆ, ಆಮೇಲೆ ಮಾರ್ಪಡುವುದಿಲ್ಲ, ಒಂದೇ ರೂಪಿನ ಅವಳಿಗಳಲ್ಲಿಯೂ ಬೇರೆ ಬೇರೆಯೇ ಆಗಿರುತ್ತವೆ. ಗೆರೆಗಳ ಏಣಿನ ಮೇಲೆ ಬೆವರಿನ ಸಣ್ಣ ರಂಧ್ರಗಳಿರುವುದರಿಂದ ನಾವು ಮುಟ್ಟಿದ ಸ್ಟೀಲ್ ಲೋಟದ ಮೇಲೆ, ಬೀರುವಿನ ಕನ್ನಡಿಯ ಮೇಲೆ ಅವುಗಳ ಪಡಿಯಚ್ಚು ಉಳಿಯುತ್ತದೆ. ತಜ್ಞರು ಅದರ ಮೇಲೆ ಪುಡಿ ಉದುರಿಸಿ ಕುಂಚ ಆಡಿಸಿದರೆ ಎದ್ದು ಕಾಣುತ್ತದೆ. ಟೋಕಿಯೋದಲ್ಲಿದ್ದ ವೈದ್ಯ ಹೆನ್ರಿ ಫಾಲ್ಡ್ಸ್, ಅಪರಾಧಿಯನ್ನು ಹೀಗೆ ಹಿಡಿಯಬಹುದೆಂದು 1880ರಲ್ಲಿ ಬರೆದ. ಫ್ರಾನ್ಸಿಸ್ ಗಾಲ್ಟನ್ 1892ರಲ್ಲಿ ಇಡೀ ಪುಸ್ತಕವನ್ನೇ ಹೊರತಂದ.

ಆದರೂ ದೊಡ್ಡ ತೊಡಕೊಂದು ಉಳಿದಿತ್ತು. ಸಾವಿರಾರು ಜನರ ಗುರುತಿನ ಹಾಳೆಗಳಿದ್ದರೆ ಬೇಕಾದ ಒಂದನ್ನು ಹುಡುಕುವುದು ಹೇಗೆ? ಕಾಗದದ ರಾಶಿ ಎಷ್ಟಿದ್ದರೇನು, ಕೈಗೆ ಸಿಗದಿದ್ದರೆ ರದ್ದಿಯೇ ಸರಿ. ಈ ಗಂಟು ಬಿಚ್ಚಿದ್ದು ಕಲ್ಕತ್ತೆಯಲ್ಲಿ. ಬಂಗಾಳ ಪೊಲೀಸಿನ ಮುಖ್ಯಸ್ಥ ಎಡ್ವರ್ಡ್ ಹೆನ್ರಿಯ ಕೈಕೆಳಗೆ ಕಾಜಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ಸಬ್‌ಇನ್‌ಸ್ಪೆಕ್ಟರರಿದ್ದರು. ಹಕ್ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಓದಿದವನು. ಅವನು ಕಂಡುಕೊಂಡ ದಾರಿಯನ್ನು ನನ್ನ ಶಾಲೆಯ ಮಕ್ಕಳಿಗೂ ಹೇಳಬಹುದು. ಹತ್ತು ಬೆರಳು, ಒಂದೊಂದರಲ್ಲೂ ಚಕ್ರ ಇದೆಯೇ ಇಲ್ಲವೇ ಎಂಬ ಒಂದೇ ಪ್ರಶ್ನೆ. ಎರಡನ್ನು ಎರಡರಿಂದ ಹೀಗೆ ಹತ್ತು ಸಲ ಗುಣಿಸಿದರೆ 1024. ಅಡ್ಡಕ್ಕೆ 32, ಉದ್ದಕ್ಕೆ 32 ಗೂಡುಗಳ ಒಂದು ಕಪಾಟು ಮಾಡಿಸಿದರಾಯಿತು. ಪ್ರತಿ ಹಾಳೆಗೂ ಅದರದೇ ಗೂಡು. ಶಂಖಗಳ ಗೆರೆ ಎಣಿಸಿ ಮತ್ತಷ್ಟು ಒಳವಿಂಗಡಣೆ. ಪತ್ತೆ ನಿಮಿಷಗಳ ಕೆಲಸವಾಯಿತು. 1897ರಲ್ಲಿ ಸರ್ಕಾರ ಸಮಿತಿ ನೇಮಿಸಿ ಪರೀಕ್ಷಿಸಿ ಒಪ್ಪಿತು. ಜಗತ್ತಿನ ಮೊದಲ ಬೆರಳಚ್ಚು ಕಚೇರಿ ಅದೇ ವರ್ಷ ಕಲ್ಕತ್ತೆಯಲ್ಲಿ ತೆರೆಯಿತು.

ಪದ್ಧತಿಗೆ ಹೆಸರು ಬಂದದ್ದು ‘ಹೆನ್ರಿ ಪದ್ಧತಿ’ ಎಂದು. ಹೆನ್ರಿ 1901ರಲ್ಲಿ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡಿಗೆ ಹೋದ, ಅಲ್ಲೂ ಈ ಕಚೇರಿ ತೆರೆದ, ಸರ್ ಆದ. ಹಕ್‌ಗೆ ಖಾನ್ ಬಹಾದ್ದೂರ್, ಬೋಸ್‌ಗೆ ರಾಯ್ ಬಹಾದ್ದೂರ್ ಪದವಿಗಳು ಸಿಕ್ಕವು. ತನ್ನ ಸಿಬ್ಬಂದಿಯಲ್ಲಿ ಎಲ್ಲರಿಗಿಂತ ಹೆಚ್ಚು ಕೆಲಸ ಮಾಡಿದವನು ಹಕ್ ಎಂದು ಹೆನ್ರಿ ಒಪ್ಪಿಕೊಂಡು ಪತ್ರ ಬರೆದದ್ದು 1926ರಲ್ಲಿ. ಕಷ್ಟದ ಲೆಕ್ಕವನ್ನೆಲ್ಲ ಕಿರಿಯರು ಮಾಡಿ, ವರದಿಯಡಿ ಹಿರಿಯರು ರುಜು ಹಾಕುವುದು ಕಚೇರಿಗಳಲ್ಲಿ ದುಡಿಯುವ ಯಾರಿಗೂ ಆಶ್ಚರ್ಯ ತರಲಾರದು. ಆದರೂ ಇಪ್ಪತ್ತೊಂಬತ್ತು ವರ್ಷ ಹೆಚ್ಚಾಯಿತು ಎನ್ನಬೇಕು.

ಆ ಕಪಾಟಿನ ಬೆಲೆ ಗೊತ್ತಾದದ್ದು ಜಲಪಾಯಿಗುರಿಯ ಮೊಕದ್ದಮೆಯಲ್ಲಿ. ಭೂತಾನದ ಗಡಿಗೆ ಹತ್ತಿರದ ಒಂದು ಚಹಾ ತೋಟದ ಮ್ಯಾನೇಜರ್ ಹಾಸಿಗೆಯಲ್ಲೇ ಕುತ್ತಿಗೆ ಕೊಯ್ದ ಸ್ಥಿತಿಯಲ್ಲಿ ಸತ್ತುಬಿದ್ದಿದ್ದ. ತಿಜೋರಿ ಬರಿದಾಗಿತ್ತು. ಸಂಶಯ ಎಲ್ಲರ ಮೇಲೂ ಹರಿದಾಡಿತು. ತೋಟದ ಕೂಲಿಗಳ ಮೇಲೆ, ಸತ್ತವನೊಡನೆ ಸಂಬಂಧವಿದ್ದ ಹೆಂಗಸಿನ ನೆಂಟರ ಮೇಲೆ, ಅಲೆಮಾರಿ ಕಾಬೂಲಿಗಳ ಮೇಲೆ. ಅಡುಗೆಯವನ ಬಟ್ಟೆಯ ಮೇಲಂತೂ ರಕ್ತದ ಕಲೆಗಳೇ ಇದ್ದವು. ದೊರೆಯ ಊಟಕ್ಕೆ ಪಾರಿವಾಳ ಕೊಯ್ದಾಗ ಹತ್ತಿದ್ದು ಎಂದ. ಹಳೆಯ ಕಾಲವಾಗಿದ್ದರೆ ಆ ಪಾರಿವಾಳವನ್ನು ಯಾರು ನಂಬುತ್ತಿದ್ದರು? ಅಷ್ಟರಲ್ಲಿ ಕಾಗದಪತ್ರದ ಪೆಟ್ಟಿಗೆಯೊಳಗೆ ಬಂಗಾಳಿ ಪಂಚಾಂಗವೊಂದು ಸಿಕ್ಕಿತು. ಅದರ ನೀಲಿ ರಕ್ಷಾಪುಟದ ಮೇಲೆ ಎರಡು ಕಂದು ಕಲೆ. ಭೂತಗನ್ನಡಿ ಹಿಡಿದು ನೋಡಿದರೆ ಒಂದರಲ್ಲಿ ಬೆರಳಿನ ಗೆರೆಗಳು! ಕಲ್ಕತ್ತೆಯ ಕಪಾಟಿನಲ್ಲಿ ಹುಡುಕಿದಾಗ ಅದು ಕಂಗಾಲಿ ಚರಣ್ ಎಂಬಾತನ ಬಲಗೈ ಹೆಬ್ಬೆಟ್ಟಿಗೆ ಸರಿಹೊಂದಿತು. ಆತ ಇದೇ ಮ್ಯಾನೇಜರನ ಮನೆಯಲ್ಲಿ ಆಳಾಗಿದ್ದು, ಕಳ್ಳತನಕ್ಕಾಗಿ ಜೈಲಿಗೆ ಹೋಗಿ ಬಂದವನು. ದೂರದ ಬೀರಭೂಮ್‌ನಲ್ಲಿ ಸಿಕ್ಕಿಬಿದ್ದ. ಕಂದು ಕಲೆ ಸಸ್ತನಿಯ ರಕ್ತವೆಂದು ರಾಸಾಯನಿಕ ಪರೀಕ್ಷಕರು ವರದಿ ಕೊಟ್ಟರು.

1898ರ ಮೇ ತಿಂಗಳಲ್ಲಿ ತೀರ್ಪು ಬಂತು. ಕಳ್ಳತನ ಸಾಬೀತಾಯಿತು, ಕೊಲೆ ಸಾಬೀತಾಗಲಿಲ್ಲ. ಕೊಲ್ಲುವುದನ್ನು ಕಂಡವರಿಲ್ಲವಲ್ಲ, ಬೆರಳು ಪಂಚಾಂಗವನ್ನು ಮುಟ್ಟಿತೆಂಬುದಷ್ಟೇ ಖಚಿತ ಎಂಬುದು ಆ ನ್ಯಾಯಾಲಯದ ಧೋರಣೆ. ಕೆಲವರಿಗೆ ಇದು ಅರ್ಧ ನ್ಯಾಯವಾಗಿ ಕಂಡೀತು. ನನಗೆ ಮಾತ್ರ ಈ ಶಾಸ್ತ್ರ ಎಲ್ಲಿಯವರೆಗೆ ಮಾತನಾಡಬಲ್ಲದು ಎಂದು ಮೊದಲ ಸಲವೇ ಅರಿತವರ ತೀರ್ಪಾಗಿ ಕಾಣುತ್ತದೆ. ಮರುವರ್ಷ, 1899ರಲ್ಲಿ, ಬೆರಳಚ್ಚು ತಜ್ಞರ ಅಭಿಪ್ರಾಯಕ್ಕೆ ಸಾಕ್ಷ್ಯ ಕಾಯಿದೆಯಲ್ಲಿ ಸ್ಥಾನ ಸಿಕ್ಕಿತು.

ಇದಕ್ಕೂ ಮುಂಚೆ, 1892ರಲ್ಲಿ, ಭೂಮಿಯ ಇನ್ನೊಂದು ಬದಿಯ ಅರ್ಜೆಂಟೀನಾದಲ್ಲಿ ಬೆರಳಿನ ಗುರುತು ಕೊಲೆಯನ್ನೇ ಬಯಲಿಗೆಳೆದಿತ್ತು. ನೆಕೊಚಿಯಾ ಎಂಬ ಊರಿನಲ್ಲಿ ಇಬ್ಬರು ಪುಟ್ಟ ಮಕ್ಕಳ ಕೊಲೆಯಾಯಿತು. ತಾಯಿ ಫ್ರಾನ್ಸಿಸ್ಕಾ ರೋಹಾಸ್ ಪಕ್ಕದವನೊಬ್ಬನತ್ತ ಬೆರಳು ಮಾಡಿದಳು. ಪೊಲೀಸರು ಅವನನ್ನು ಹಿಂಸಿಸಿದರೂ ಅವನು ಒಪ್ಪಲಿಲ್ಲ. ಹುವಾನ್ ವುಸೆಟಿಚ್ ಎಂಬ ಅಧಿಕಾರಿಯಿಂದ ಬೆರಳ ವಿದ್ಯೆ ಕಲಿತಿದ್ದ ಆಲ್ವಾರೆಸ್ ಬಂದು, ಬಾಗಿಲ ಚೌಕಟ್ಟಿನ ಮೇಲೆ ಒಣಗಿದ್ದ ರಕ್ತದ ಗುರುತನ್ನು ಮರದ ತುಂಡಿನ ಸಮೇತ ಕತ್ತರಿಸಿಕೊಂಡ. ಅದು ತಾಯಿಯ ಹೆಬ್ಬೆಟ್ಟು. ಆಕೆ ತಪ್ಪೊಪ್ಪಿಕೊಂಡಳು. ಮಕ್ಕಳಿರುವವಳನ್ನು ಮದುವೆಯಾಗಲು ಪ್ರಿಯಕರನಿಗೆ ಮನಸ್ಸಿರಲಿಲ್ಲವಂತೆ. ಹೆತ್ತವಳ ಮೇಲೆ ಸಂಶಯಪಡಲು ಯಾರಿಗೂ ಬಾಯಿ ಬಾರದಿದ್ದಾಗ ಆ ಗೆರೆಗಳು ಮಾತನಾಡಿ, ಹಿಂಸೆ ಅನುಭವಿಸಿದ ನಿರಪರಾಧಿಯನ್ನು ಉಳಿಸಿದವು.

ಹಾಗೆಂದು ಈ ವಿದ್ಯೆಯ ಕೈ ಎಲ್ಲೆಡೆಯೂ ಶುಭ್ರವಾಗಿರಲಿಲ್ಲ. 1871ರಲ್ಲಿ ಬ್ರಿಟಿಷರು ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಸಾರುವ ಕಾಯಿದೆ ತಂದಿದ್ದರು. 1911ರ ಕಾಯಿದೆಯ ಪ್ರಕಾರ ಅಂಥ ಪಂಗಡಗಳವರಿಂದ, ಅವರು ತಪ್ಪು ಮಾಡಿರಲಿ ಬಿಡಲಿ, ಬೆರಳಚ್ಚು ತೆಗೆದುಕೊಳ್ಳಬಹುದಿತ್ತು. ನಮ್ಮ ಹುಬ್ಬಳ್ಳಿ, ಗದಗ, ಬಿಜಾಪುರಗಳಲ್ಲಿ ತಂತಿಬೇಲಿಯ ಸೆಟ್ಲ್‌ಮೆಂಟುಗಳಿದ್ದವು. ಅಲ್ಲಿ ಹುಟ್ಟಿ ಬೆಳೆದ ಹೆಣ್ಣುಮಕ್ಕಳು ಯಾವ ಬಾಗಿಲನ್ನು ಮುರಿದಿದ್ದರು? 1952ರಲ್ಲಿ ಆ ಕಾನೂನು ರದ್ದಾಯಿತು. ‘ಸೆಟ್ಲ್‌ಮೆಂಟಿನವರು’ ಎಂಬ ಮಾತು ಜನರ ಬಾಯಲ್ಲಿ ಆಮೇಲೂ ಉಳಿಯಿತು.

ತಜ್ಞರ ಕಣ್ಣೂ ತಪ್ಪುತ್ತದೆ. 2004ರಲ್ಲಿ ಮ್ಯಾಡ್ರಿಡ್‌ನ ರೈಲುಗಳಲ್ಲಿ ಬಾಂಬು ಸಿಡಿದಾಗ, ಚೀಲವೊಂದರ ಮೇಲಿನ ಗುರುತು ಅಮೆರಿಕದ ಒಬ್ಬ ವಕೀಲನದೇ ಎಂದು ಅಲ್ಲಿನ ಎಫ್‌ಬಿಐ ಹೇಳಿತು. ಆತನನ್ನು ಬಂಧಿಸಿಯೂ ಆಯಿತು. ಅದು ಇನ್ನೊಬ್ಬನ ಬೆರಳೆಂದು ಸ್ಪೇನಿನ ಪೊಲೀಸರು ತೋರಿಸಿಕೊಟ್ಟ ಮೇಲೆ ಬಿಡುಗಡೆ ಮಾಡಿ ಕ್ಷಮೆ ಕೇಳಬೇಕಾಯಿತು. ಇಬ್ಬರ ಗೆರೆಗಳು ಪೂರ್ತಿ ಒಂದೇ ಆಗಿರಲಿಲ್ಲ, ಅರ್ಧಂಬರ್ಧ ಮೂಡಿದ ಗುರುತನ್ನು ಓದಿದವರು ಆತುರಪಟ್ಟಿದ್ದರು.

ಇಂದು ಹೆಬ್ಬೆಟ್ಟು ಎಲ್ಲರದೂ ಆಗಿದೆ. ಎಂ.ಎ. ಓದಿದವರೂ ಆಧಾರ್‌ಗಾಗಿ ಹತ್ತೂ ಬೆರಳು ಒತ್ತಿದ್ದೇವೆ, ಮಸಿಯ ಕಲೆಯಿಲ್ಲದೆ. ಆದರೆ ನ್ಯಾಯಬೆಲೆ ಅಂಗಡಿಯ ಮುಂದೆ ನಿಂತು ನೋಡಬೇಕು. ಪಾತ್ರೆ ಉಜ್ಜಿ, ಸುಣ್ಣ ಸಿಮೆಂಟು ಕಲಸಿ, ಕಳೆ ಕಿತ್ತು ಸವೆದ ಬೆರಳನ್ನು ಯಂತ್ರ ಗುರುತಿಸುವುದಿಲ್ಲ. ಗೆರೆ ಬದಲಾಗುವುದಿಲ್ಲವೆಂದು ಹರ್ಷೆಲ್ ತೋರಿಸಿದ್ದು ನಿಜ, ದುಡಿಮೆಗೆ ಅದು ಸವೆಯುತ್ತದೆ ಎಂಬುದೂ ನಿಜ. ಆ ಹೆಂಗಸರು ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತುತ್ತಾರೆ, ಆಮೇಲೆ ತೋರುಬೆರಳು, ಆಮೇಲೆ ಇನ್ನೊಂದು ಕೈ. ಹಿಂದೆ ನಿಂತವರು ಗೊಣಗುತ್ತಿರುತ್ತಾರೆ. ಕೊನೆಗೆ ಒಂದು ಬೆರಳು ಹಿಡಿದರೆ ಅಂಗಡಿಯವನು ಅಕ್ಕಿ ಅಳೆಯುತ್ತಾನೆ. ಯಾವುದೂ ಹಿಡಿಯದಿದ್ದರೆ ಮೊಬೈಲಿಗೆ ಸಂಖ್ಯೆ ಬರುತ್ತದಂತೆ. ಆ ಮೊಬೈಲು ಮಗನ ಜೇಬಿನಲ್ಲಿ, ಮಗ ಬೆಂಗಳೂರಿನಲ್ಲಿ.