ಮರಿಯಾ ಕನ್ನೊನ್, ನಾಗಸಾಕಿ

ಕೂಸನ್ನೆತ್ತಿಕೊಂಡ ಈ ಬಿಳಿ ಪಿಂಗಾಣಿ ವಿಗ್ರಹ ಹೊರಗಿನವರ ಕಣ್ಣಿಗೆ ಬೌದ್ಧರ ಕರುಣಾಮೂರ್ತಿ ಕನ್ನೊನ್. ಗುಟ್ಟಾಗಿ ಕ್ರೈಸ್ತರಾಗಿದ್ದ ಮನೆಯವರಿಗೆ ಮಾತ್ರ ಗೊತ್ತಿತ್ತು, ಇದು ಮಾತೆ ಮರಿಯಮ್ಮ.

1614ರಲ್ಲಿ ತೊಕುಗಾವಾ ಆಡಳಿತ ಜಪಾನಿನಾದ್ಯಂತ ಕ್ರೈಸ್ತಧರ್ಮವನ್ನು ನಿಷೇಧಿಸಿತು. ಸಿಕ್ಕಿಬಿದ್ದವರಿಗೆ ಚಿತ್ರಹಿಂಸೆ, ಮರಣದಂಡನೆ. ನಾಗಸಾಕಿಯಲ್ಲಿ ಜನರು ತಾವು ಕ್ರೈಸ್ತರಲ್ಲವೆಂದು ತೋರಿಸಲು ಯೇಸು ಅಥವಾ ಮರಿಯಮ್ಮನ ಉಬ್ಬುಚಿತ್ರವಿದ್ದ ‘ಫುಮಿಎ’ ಫಲಕವನ್ನು ಪ್ರತಿವರ್ಷ ಅಧಿಕಾರಿಗಳೆದುರು ತುಳಿಯಬೇಕಿತ್ತು. ತುಳಿದ ಅನೇಕರು ಮನೆಗೆ ಬಂದು ಪಶ್ಚಾತ್ತಾಪದ ಪ್ರಾರ್ಥನೆ ಹೇಳುತ್ತಿದ್ದರು. ಅವರನ್ನು ಹೇಡಿಗಳೆನ್ನಲು ಯಾರಿಗೂ ಹಕ್ಕಿಲ್ಲ. ಪಾದ್ರಿಗಳಿಲ್ಲ, ಬಲಿಪೂಜೆಯಿಲ್ಲ, ಊರ ಹಿರಿಯರೇ ಮಕ್ಕಳಿಗೆ ಜ್ಞಾನಸ್ನಾನ ಕೊಟ್ಟು, ಜಪಗಳನ್ನು ಬಾಯಿಂದ ಬಾಯಿಗೆ ದಾಟಿಸಿದರು. ಹೀಗೆ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ!

1865ರ ಮಾರ್ಚ್ 17ರಂದು ನಾಗಸಾಕಿ ಬಳಿಯ ಉರಕಾಮಿ ಹಳ್ಳಿಯ ಕೆಲವರು ನಗರದಲ್ಲಿ ಹೊಸದಾಗಿ ಕಟ್ಟಿದ್ದ ಓಉರಾ ಚರ್ಚಿಗೆ ಬಂದರು. ತಮ್ಮ ವಿಶ್ವಾಸವೂ ಇದೇ ಎಂದು ಫ್ರೆಂಚ್ ಪಾದ್ರಿ ಬರ್ನಾರ್ ಪೆತಿಜಾನ್ ಅವರಿಗೆ ಮೆಲ್ಲಗೆ ತಿಳಿಸಿ, ಮರಿಯಮ್ಮನ ಪ್ರತಿಮೆ ಎಲ್ಲಿದೆಯೆಂದು ಕೇಳಿದರು.

ನಿಷೇಧ ಆಗಲೂ ಜಾರಿಯಲ್ಲಿತ್ತು. ವಿಶ್ವಾಸವನ್ನು ಇನ್ನು ಮುಚ್ಚಿಡಲೊಪ್ಪದ ಉರಕಾಮಿಯ 3,000ಕ್ಕೂ ಹೆಚ್ಚು ಜನರನ್ನು ಸರ್ಕಾರ ಗಡೀಪಾರು ಮಾಡಿತು. ಹಸಿವು, ಚಳಿ, ಹಿಂಸೆಗೆ 600ಕ್ಕೂ ಹೆಚ್ಚು ಮಂದಿ ಬಲಿಯಾದರು. 1873ರಲ್ಲಿ ನಿಷೇಧದ ಫಲಕಗಳನ್ನು ತೆಗೆದುಹಾಕಿದ ಮೇಲೆ ಉಳಿದವರು ಊರಿಗೆ ಮರಳಿ, ಮುಂದೆ ತಮ್ಮದೇ ಚರ್ಚು ಕಟ್ಟಿಕೊಂಡರು.