ಕಣ್ಣೆದುರಿನ ಗತಕಾಲ: ಐಮಾರಾ ಜನರ ಇತಿಹಾಸ ಮತ್ತು ಸಂಸ್ಕೃತಿ

ಪೀಠಿಕೆ

ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಶ್ರೇಣಿಯ ನಡುವೆ, ಸಮುದ್ರಮಟ್ಟದಿಂದ ಸುಮಾರು 3,800 ಮೀಟರ್ ಎತ್ತರದಲ್ಲಿ ಟಿಟಿಕಾಕಾ ಸರೋವರವಿದೆ. ಅದರ ಸುತ್ತಣ ವಿಶಾಲ ಪ್ರಸ್ಥಭೂಮಿಯೇ ಐಮಾರಾ ಜನರ ನೆಲೆ. ಇಂದು ಈ ನೆಲೆ ಮುಖ್ಯವಾಗಿ ಬೊಲಿವಿಯಾ, ಪೆರು ಮತ್ತು ಚಿಲಿ ದೇಶಗಳ ನಡುವೆ ಹಂಚಿಹೋಗಿದೆ. 2012ರ ಜನಗಣತಿಯಲ್ಲಿ ಬೊಲಿವಿಯಾದ ಸುಮಾರು 11.9 ಲಕ್ಷ ಜನರೂ, 2017ರ ಜನಗಣತಿಗಳಲ್ಲಿ ಪೆರುವಿನ ಸುಮಾರು 5.48 ಲಕ್ಷ ಮತ್ತು ಚಿಲಿಯ ಸುಮಾರು 1.56 ಲಕ್ಷ ಜನರೂ ತಮ್ಮನ್ನು ಐಮಾರರೆಂದು ಗುರುತಿಸಿಕೊಂಡಿದ್ದಾರೆ.

ಈ ಜನರ ಚರಿತ್ರೆಯನ್ನು ಬಹುಕಾಲ ಇತರರೇ ಬರೆದರು. ಇಂಕಾ ಸಾಮ್ರಾಜ್ಯದ ಒಂದು ಪ್ರಾಂತ್ಯವಾಗಿ, ಸ್ಪೇನಿನ ಬೆಳ್ಳಿಗಣಿಗಳ ಕೂಲಿಗಳಾಗಿ, ಗಣರಾಜ್ಯಗಳ 'ಇಂಡಿಯನ್ ಸಮಸ್ಯೆ'ಯಾಗಿ ಅವರು ದಾಖಲೆಗಳಲ್ಲಿ ಕಾಣಿಸಿಕೊಂಡರು. ಆದರೆ ಐಮಾರರು ತಮ್ಮ ಗತವನ್ನು ಮರೆತವರಲ್ಲ. ಪ್ರತಿ ಬಿಕ್ಕಟ್ಟಿನಲ್ಲಿಯೂ ಅದನ್ನು ಹಕ್ಕಿನ ಆಧಾರವಾಗಿ ಮುಂದಿಟ್ಟವರು. ಗತಕಾಲದೊಡನೆ ಅವರಿಗಿರುವ ಈ ಸಂಬಂಧದ ಸ್ವರೂಪವನ್ನೂ ಅದರ ಮಿತಿಗಳನ್ನೂ ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಹೆಸರು ಮತ್ತು ಮೂಲ

'ಐಮಾರಾ' ಎಂಬುದು ಈ ಜನರು ತಾವಾಗಿ ಇಟ್ಟುಕೊಂಡ ಹೆಸರಲ್ಲ. ಅದು ಮೂಲತಃ ಇಂದಿನ ಪೆರುವಿನ ಅಪುರಿಮಾಕ್ ಪ್ರದೇಶದ ಒಂದು ಸಮುದಾಯದ ಹೆಸರಾಗಿದ್ದು, 16ನೆಯ ಶತಮಾನದಲ್ಲಿ ಸ್ಪ್ಯಾನಿಷ್ ಬರಹಗಾರರ ಮೂಲಕ ಸರೋವರ ಪ್ರದೇಶದ ಭಾಷೆಗೂ ಜನರಿಗೂ ಅನ್ವಯವಾಯಿತು. ಆಡುವವರು ತಮ್ಮ ನುಡಿಯನ್ನು 'ಹಾಕಿ ಆರು' ಎನ್ನುತ್ತಾರೆ. ಮನುಷ್ಯರ ಮಾತು ಎಂಬುದು ಅದರ ಅರ್ಥ.

ಸರೋವರದ ದಕ್ಷಿಣಕ್ಕೆ ಕ್ರಿ.ಶ. 500ರಿಂದ 1000ದವರೆಗಿನ ಅವಧಿಯಲ್ಲಿ ಉಚ್ಛ್ರಾಯದಲ್ಲಿದ್ದ ತಿವಾನಾಕು ನಗರದ ಅವಶೇಷಗಳಿವೆ. ಒಂದೇ ಕಲ್ಲಿನಲ್ಲಿ ಕಡೆದ 'ಸೂರ್ಯದ್ವಾರ', ನೆಲದೊಳಕ್ಕೆ ಇಳಿಸಿ ಕಟ್ಟಿದ ದೇಗುಲದ ಅಂಗಳ ಮತ್ತು ನೀರುಗಾಲುವೆಗಳ ನಡುವೆ ಏರಿಸಿದ ದಿಬ್ಬದ ಹೊಲಗಳು ಆ ನಾಗರಿಕತೆಯ ಕೌಶಲಕ್ಕೆ ಸಾಕ್ಷಿಯಾಗಿವೆ. ಹಗಲಿನಲ್ಲಿ ಬಿಸಿಲನ್ನು ಹೀರಿಕೊಂಡ ಕಾಲುವೆಯ ನೀರು ರಾತ್ರಿ ಶಾಖವನ್ನು ಬಿಡುವುದರಿಂದ ಪೈರು ಹಿಮದ ಹೊಡೆತದಿಂದ ಪಾರಾಗುತ್ತಿತ್ತು ಎಂಬುದನ್ನು 1980ರ ದಶಕದಲ್ಲಿ ನಡೆದ ಕೃಷಿ ಪ್ರಯೋಗಗಳು ತೋರಿಸಿಕೊಟ್ಟವು. 2000ದಲ್ಲಿ ಯುನೆಸ್ಕೊ ಈ ತಾಣವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಂದಿನ ಐಮಾರರು ತಿವಾನಾಕುವನ್ನು ತಮ್ಮ ಪೂರ್ವಜರ ನಗರವೆಂದೇ ಭಾವಿಸುತ್ತಾರೆ. ಭಾಷಾವಿಜ್ಞಾನಿಗಳ ಅಭಿಪ್ರಾಯ ಇದಕ್ಕಿಂತ ಭಿನ್ನವಾಗಿದೆ. ಐಮಾರಾದ ಸೋದರ ಭಾಷೆಯಾದ ಹಕಾರು ಇಂದಿಗೂ ಉಳಿದಿರುವುದು ಸರೋವರದಿಂದ ಬಹುದೂರ, ಲಿಮಾ ಪ್ರಾಂತದ ಬೆಟ್ಟಗಳಲ್ಲಿ. ಇದನ್ನು ಆಧರಿಸಿ ಆಲ್ಫ್ರೆದೊ ತೊರೆರೊ ಮತ್ತು ರೊದೊಲ್ಫೊ ಸೆರ್ರೊನ್-ಪಾಲೊಮಿನೊ ಅವರು ಈ ಭಾಷಾಕುಟುಂಬದ ಮೂಲನೆಲೆಯನ್ನು ಮಧ್ಯ ಪೆರುವಿನ ಕಡೆಗೆ ಗುರುತಿಸಿದ್ದಾರೆ. ಈ ವಾದದಂತೆ ಐಮಾರಾ ಭಾಷೆ ಸರೋವರ ಪ್ರದೇಶಕ್ಕೆ ತಡವಾಗಿ ಹಬ್ಬಿತು. ತಿವಾನಾಕುವಿನಲ್ಲಿ ಇಂದು ಅಳಿದುಹೋಗಿರುವ ಪುಕಿನಾ ಭಾಷೆ ಬಳಕೆಯಲ್ಲಿದ್ದಿರಬಹುದು. ಭಾಷೆಯ ವಂಶಾವಳಿ ಮತ್ತು ಜನರ ವಂಶಾವಳಿ ಒಂದೇ ಅಲ್ಲವಾದುದರಿಂದ ಈ ವಾದವು ಐಮಾರರ ನಂಬಿಕೆಯನ್ನು ಪೂರ್ಣವಾಗಿ ತಳ್ಳಿಹಾಕುವುದಿಲ್ಲ. ಆದರೆ ಸ್ಮೃತಿ ಮತ್ತು ಪುರಾವೆ ಬೇರೆ ಬೇರೆ ದಾರಿಯಲ್ಲಿ ಸಾಗಬಲ್ಲವು ಎಂಬುದನ್ನು ಅದು ನೆನಪಿಸುತ್ತದೆ.

ಭಾಷೆಯಲ್ಲಿ ಕಾಲ

ಐಮಾರಾ ಭಾಷೆಯಲ್ಲಿ 'ನೈರಾ' ಎಂಬ ಪದಕ್ಕೆ ಕಣ್ಣು, ಮುಂಭಾಗ ಮತ್ತು ಹಿಂದಿನ ಕಾಲ ಎಂಬ ಅರ್ಥಗಳಿವೆ. 'ಕಿಪಾ' ಎಂದರೆ ಬೆನ್ನ ಹಿಂಭಾಗ; ಮುಂಬರುವ ಕಾಲವನ್ನು ಸೂಚಿಸುವ ಪದವೂ ಅದೇ. 'ನೈರಾ ಮಾರಾ' ಎಂದರೆ ಕಳೆದ ವರ್ಷ. ಕನ್ನಡದ ಕ್ರಮ ಇದಕ್ಕೆ ತದ್ವಿರುದ್ಧ. ನಮ್ಮಲ್ಲಿ ಕಳೆದುದು 'ಹಿಂದೆ', ಬರುವುದು 'ಮುಂದೆ'. ಕನ್ನಡದಲ್ಲಿಯೂ 'ಮುಂಚೆ', 'ಮುನ್ನ' ಎಂಬ ಪದಗಳು ಪೂರ್ವಕಾಲವನ್ನು ಸೂಚಿಸುತ್ತವೆ ನಿಜ. ಆದರೆ ಅವು ಒಂದು ಘಟನೆಗೆ ಇನ್ನೊಂದರೊಡನೆ ಇರುವ ಅನುಕ್ರಮವನ್ನು ಹೇಳುತ್ತವೆಯೇ ಹೊರತು ಮಾತನಾಡುವವನ ಮುಖದ ಎದುರಿಗೆ ಗತಕಾಲವನ್ನು ಇರಿಸುವುದಿಲ್ಲ. ಐಮಾರಾದಲ್ಲಿ ಈ ಎರಡನೆಯ ಕಲ್ಪನೆಯೇ ಇದೆಯೆಂಬುದನ್ನು ರಫೇಲ್ ನುನ್ಯೆಸ್ ಮತ್ತು ಈವ್ ಸ್ವೀಟ್ಸರ್ ಅವರು 2006ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಹಾವಭಾವಗಳ ಅಧ್ಯಯನದ ಮೂಲಕ ತೋರಿಸಿದರು. ಉತ್ತರ ಚಿಲಿಯ ಹಿರಿಯ ಐಮಾರರು ಹಿಂದಿನದನ್ನು ಹೇಳುವಾಗ ಕೈಯನ್ನು ಮುಂದಕ್ಕೂ, ನಾಳೆಯನ್ನು ಹೇಳುವಾಗ ಬೆನ್ನ ಹಿಂದಕ್ಕೂ ಚಾಚುತ್ತಿದ್ದರು. ಸ್ಪ್ಯಾನಿಷ್ ಭಾಷೆಯಲ್ಲಿ ಪಳಗಿದ ಕಿರಿಯರಲ್ಲಿ ಈ ಚರ್ಯೆ ತಿರುಗುಮುರುಗಾಗಿತ್ತು.

ಇದಕ್ಕೆ ಹೊಂದುವ ಇನ್ನೊಂದು ಲಕ್ಷಣ ಐಮಾರಾ ವ್ಯಾಕರಣದಲ್ಲಿದೆ. ಹೇಳುವವನು ವಿಷಯವನ್ನು ತಾನೇ ಕಂಡು ಹೇಳುತ್ತಿರುವನೋ ಅನ್ಯರಿಂದ ಕೇಳಿ ಹೇಳುತ್ತಿರುವನೋ ಎಂಬುದನ್ನು ಪ್ರತ್ಯಯಗಳು ಸ್ಪಷ್ಟಪಡಿಸುತ್ತವೆ. ಕನ್ನಡದ 'ಬಂದನಂತೆ' ಎಂಬಲ್ಲಿನ 'ಅಂತೆ' ಇದಕ್ಕೆ ದೂರದ ಹೋಲಿಕೆ; ಐಮಾರಾದಲ್ಲಿ ಈ ಭೇದ ವಾಕ್ಯರಚನೆಯುದ್ದಕ್ಕೂ ವ್ಯಾಪಿಸಿದೆ. ಮಾರ್ಥಾ ಹಾರ್ಡ್‌ಮನ್ ಮತ್ತು ಐಮಾರಾ ವಿದ್ವಾಂಸ ಹುವಾನ್ ದೆ ದಿಯೋಸ್ ಯಾಪಿತಾ ಅವರು ಇದನ್ನು ವಿವರವಾಗಿ ನಿರೂಪಿಸಿದ್ದಾರೆ. ಕಂಡದ್ದು ಕಣ್ಣ ಮುಂದಿರುತ್ತದೆ, ಕಾಣದ್ದು ಬೆನ್ನ ಹಿಂದಿರುತ್ತದೆ ಎಂಬುದು ಈ ಕಾಲಕಲ್ಪನೆಯ ತರ್ಕ. ವ್ಯಾಕರಣವೇ ಒಂದು ಜನಾಂಗದ ಚರಿತ್ರೆಯನ್ನು ನಿರ್ಧರಿಸುತ್ತದೆಂದು ಇದರಿಂದ ತೀರ್ಮಾನಿಸುವುದು ಯುಕ್ತವಲ್ಲ. ಅವರ ಚರಿತ್ರೆಗೆ ಭಾಷೆಯಷ್ಟೇ ಮುಖ್ಯವಾದ ಕಾರಣಗಳು ಭೂಮಿ ಮತ್ತು ದುಡಿಮೆಯಲ್ಲಿವೆ.

ಪ್ರಸ್ಥಭೂಮಿಯ ಬದುಕು

ಐಮಾರಾ ಸಮಾಜದ ಮೂಲ ಘಟಕ 'ಐಯು'. ಇದು ಬಂಧುತ್ವ ಮತ್ತು ಭೂಮಿ ಎರಡನ್ನೂ ಒಳಗೊಂಡ ಸಮುದಾಯ. ಉಳುವ ನೆಲದ ಬಳಕೆಯನ್ನು ಕುಟುಂಬಗಳಿಗೆ ಹಂಚಲಾಗುತ್ತಿತ್ತು. ಹುಲ್ಲುಗಾವಲು ಎಲ್ಲರಿಗೂ ಸೇರಿದ್ದಾಗಿತ್ತು. ಒಬ್ಬರ ಹೊಲದಲ್ಲಿ ಇನ್ನೊಬ್ಬರು ದುಡಿದು ಅಷ್ಟೇ ದುಡಿಮೆಯನ್ನು ಮರಳಿ ಪಡೆಯುವ 'ಐನಿ' ಪದ್ಧತಿ ಕುಟುಂಬಗಳನ್ನು ಬೆಸೆದಿತ್ತು. ಭೂಮಿತಾಯಿ ಪಾಚಾಮಾಮಾ ಮತ್ತು ಪರ್ವತಗಳಲ್ಲಿ ನೆಲೆಸಿದ ಪೂರ್ವಜರೆಂದು ನಂಬಲಾಗುವ 'ಅಚಾಚಿಲಾ'ಗಳಿಗೆ ಸಲ್ಲಿಸುವ ಕಾಣಿಕೆಯೂ ಇದೇ ಕೊಡುಕೊಳ್ಳುವಿಕೆಯ ವಿಸ್ತರಣೆ.

ಈಗ ಹಾಸನ ಜಿಲ್ಲೆಯ ಹೊಲಗಳವರೆಗೂ ಹಬ್ಬಿರುವ ಆಲೂಗಡ್ಡೆಯ ತವರು ಆಂಡೀಸ್ ಪ್ರದೇಶ. ಜೂನ್-ಜುಲೈ ತಿಂಗಳ ಕೊರೆಯುವ ರಾತ್ರಿಗಳಲ್ಲಿ ಗಡ್ಡೆಯನ್ನು ಬಯಲಲ್ಲಿ ಹರಡಿ ಹೆಪ್ಪುಗಟ್ಟಿಸಿ, ಹಗಲು ಕಾಲಿನಿಂದ ತುಳಿದು ನೀರನ್ನು ಹಿಂಡಿ, ಬಿಸಿಲಿಗೆ ಒಣಗಿಸಿ 'ಚುನ್ಯೊ' ತಯಾರಿಸಲಾಗುತ್ತದೆ. ವರ್ಷಗಟ್ಟಲೆ ಕೆಡದ ಈ ಆಹಾರವು ಬರಗಾಲದ ಆಸರೆಯಾಗಿತ್ತು.

ಆದರೆ ಈ ಎತ್ತರದಲ್ಲಿ ಮೆಕ್ಕೆಜೋಳ, ಹತ್ತಿ, ಕೋಕಾ ಎಲೆಗಳನ್ನು ಸಾಕಷ್ಟು ಬೆಳೆಯಲಾಗದು. ಇದಕ್ಕೆ ಕಂಡುಕೊಂಡ ಪರಿಹಾರದ ವಿವರ 1567ರ ಒಂದು ದಾಖಲೆಯಲ್ಲಿದೆ. ಸರೋವರದ ಪಶ್ಚಿಮ ದಂಡೆಯ ಲುಪಾಕಾ ರಾಜ್ಯವನ್ನು ತನಿಖೆ ಮಾಡಿದ ಸ್ಪ್ಯಾನಿಷ್ ಅಧಿಕಾರಿ ಗಾರ್ಸಿ ದಿಯೆಸ್ ದೆ ಸಾನ್ ಮಿಗೆಲ್, ಅದರ ರಾಜಧಾನಿ ಚುಕ್ವಿಟೊದಲ್ಲಿ ಕಾರಿ ಮತ್ತು ಕುಸಿ ಎಂಬ ಇಬ್ಬರು ಒಡೆಯರ ಹೇಳಿಕೆಗಳನ್ನು ಬರೆದುಕೊಂಡ. ಅವರಲ್ಲೊಬ್ಬ ಮೇಲಿನ ಅರೆಗೂ ಇನ್ನೊಬ್ಬ ಕೆಳಗಿನ ಅರೆಗೂ ಒಡೆಯರಾಗಿದ್ದರು. ಸುಮಾರು 20,000 ಕುಟುಂಬಗಳ ಈ ರಾಜ್ಯವು ಪಶ್ಚಿಮದ ಮೊಕೆಗ್ವಾ, ಸಾಮಾ ಕಣಿವೆಗಳಲ್ಲಿಯೂ, ಪೂರ್ವದ ಬೆಚ್ಚನೆಯ ಇಳಿಜಾರುಗಳಲ್ಲಿಯೂ ತನ್ನವರನ್ನು ನೆಲೆಗೊಳಿಸಿ ಬೇಕಾದ ಬೆಳೆಯನ್ನು ಪಡೆಯುತ್ತಿತ್ತು. ಈ ದಾಖಲೆಯನ್ನು ಆಧರಿಸಿ ಜಾನ್ ಮುರ್ರಾ 1972ರಲ್ಲಿ 'ಲಂಬ ದ್ವೀಪಸಮೂಹ' ಎಂಬ ಪರಿಕಲ್ಪನೆಯನ್ನು ಮಂಡಿಸಿದರು. ತುಂಡು ತುಂಡಾಗಿ ದೂರ ದೂರ ಹರಡಿದ್ದರೂ ಅದು ಒಂದೇ ಸಮುದಾಯದ ಭೂಮಿಯಾಗಿತ್ತೆಂಬುದು ಇದರ ಸಾರ.

ಇಂಕಾ ಮತ್ತು ಸ್ಪ್ಯಾನಿಷ್ ಆಳ್ವಿಕೆ

ತಿವಾನಾಕುವಿನ ಪತನದ ನಂತರ ಲುಪಾಕಾ, ಕೊಲ್ಲಾ, ಪಕಾಹೆ ಮೊದಲಾದ ರಾಜ್ಯಗಳು ತಲೆಯೆತ್ತಿದವು. ಸಿಲ್ಯುಸ್ತಾನಿಯಲ್ಲಿರುವ 'ಚುಲ್ಪಾ' ಎಂಬ ಸಮಾಧಿಗೋಪುರಗಳು ಕೊಲ್ಲಾ ಅರಸುಮನೆತನಗಳೊಡನೆ ಸಂಬಂಧ ಹೊಂದಿವೆ. 15ನೆಯ ಶತಮಾನದಲ್ಲಿ ಇಂಕಾಗಳು ಈ ರಾಜ್ಯಗಳನ್ನು ಗೆದ್ದು 'ಕೊಲ್ಲಾಸುಯು' ಎಂಬ ದಕ್ಷಿಣ ಭಾಗಕ್ಕೆ ಸೇರಿಸಿಕೊಂಡರು. ಆದರೂ ಸ್ಥಳೀಯ ಒಡೆತನವನ್ನು ಅವರು ಪೂರ್ಣವಾಗಿ ಅಳಿಸಲಿಲ್ಲ.

ಸ್ಪ್ಯಾನಿಷ್ ಆಳ್ವಿಕೆಯ ಪರಿಣಾಮ ಇದಕ್ಕಿಂತ ತೀವ್ರವಾಗಿತ್ತು. 1545ರಲ್ಲಿ ಪೊಟೊಸಿಯ ಬೆಳ್ಳಿ ಬೆಳಕಿಗೆ ಬಂತು. 1570ರ ದಶಕದಲ್ಲಿ ರಾಜಪ್ರತಿನಿಧಿ ಫ್ರಾನ್ಸಿಸ್ಕೊ ದೆ ತೊಲೆದೊ 'ಮಿತಾ' ಎಂಬ ಕಡ್ಡಾಯ ದುಡಿಮೆಯನ್ನು ಕ್ರಮಬದ್ಧಗೊಳಿಸಿದ. ಇಂಕಾಗಳ ಸರದಿ ದುಡಿಮೆಯ ಹೆಸರನ್ನೇ ಉಳಿಸಿಕೊಂಡ ಈ ವ್ಯವಸ್ಥೆಯಲ್ಲಿ 16 ಪ್ರಾಂತಗಳಿಂದ ವರ್ಷಕ್ಕೆ ಸುಮಾರು 13,500 ಗಂಡಸರು ಗಣಿಗೆ ಹೋಗಬೇಕಾಗಿತ್ತು. ಸರೋವರ ಪ್ರದೇಶದ ಐಮಾರರು ಹೆಂಡತಿ ಮಕ್ಕಳೊಡನೆ, ಲಾಮಾಗಳ ಮೇಲೆ ಆಹಾರ ಹೇರಿಕೊಂಡು ವಾರಗಟ್ಟಲೆ ನಡೆದು ಪೊಟೊಸಿ ಸೇರುತ್ತಿದ್ದರು. ಮರಳಿ ಬಾರದವರು ಅನೇಕರು. 1812ರಲ್ಲಿ ಸ್ಪೇನಿನ ಕಾದಿಸ್ ಸಂಸತ್ತು ಮಿತಾ ಪದ್ಧತಿಯನ್ನು ರದ್ದುಗೊಳಿಸಿತು.

ಇದೇ ಕಾಲದಲ್ಲಿ ಐಮಾರಾ ಲಿಪಿಬದ್ಧ ಭಾಷೆಯಾಯಿತು. 1584ರಲ್ಲಿ ಲಿಮಾದಲ್ಲಿ ಅಚ್ಚಾದ, ದಕ್ಷಿಣ ಅಮೆರಿಕದ ಮೊದಲ ಮುದ್ರಿತ ಗ್ರಂಥವೆನಿಸಿದ ಕ್ರೈಸ್ತ ಬೋಧನಾ ಪುಸ್ತಕವು ಸ್ಪ್ಯಾನಿಷ್, ಕೆಚುವಾ ಮತ್ತು ಐಮಾರಾ ಭಾಷೆಗಳಲ್ಲಿತ್ತು. ಜೆಸ್ಯೂಟ್ ಪಾದ್ರಿ ಲುದೊವಿಕೊ ಬೆರ್ತೊನಿಯೊ 1612ರಲ್ಲಿ ಬೃಹತ್ ಐಮಾರಾ ನಿಘಂಟನ್ನು ಹೊರತಂದ. ಅವನ ಕೆಲಸಕ್ಕೆ ಜುಲಿ ಊರಿನ ಮಾರ್ತಿನ್ ದೆ ಸಾಂತಾ ಕ್ರೂಸ್ ಎಂಬ ಐಮಾರಾ ವಿದ್ವಾಂಸನ ನೆರವಿತ್ತು. ಮತಪ್ರಚಾರಕ್ಕಾಗಿ ಸಿದ್ಧವಾದ ಈ ಕೃತಿಯೇ ಇಂದು ಐಮಾರರ ಪ್ರಾಚೀನ ಬದುಕನ್ನು ತಿಳಿಯಲು ಪ್ರಮುಖ ಆಕರವಾಗಿದೆ.

1781ರ ಮುತ್ತಿಗೆ

ತೆರಿಗೆಯ ಹೊರೆ ಮತ್ತು ಅಧಿಕಾರಿಗಳು ಬಲವಂತವಾಗಿ ಸರಕು ಮಾರುತ್ತಿದ್ದ ಪದ್ಧತಿಯ ವಿರುದ್ಧ 1780ರಲ್ಲಿ ಆಂಡೀಸ್ ಪ್ರದೇಶ ದಂಗೆಯೆದ್ದಿತು. ಕುಸ್ಕೊ ಪ್ರಾಂತದಲ್ಲಿ ತುಪಾಕ್ ಅಮಾರು, ಚಾಯಾಂತಾದಲ್ಲಿ ತೊಮಾಸ್ ಕತಾರಿ ನಾಯಕರಾದರು. ಈ ಇಬ್ಬರ ಹೆಸರನ್ನೂ ಕೂಡಿಸಿ ತುಪಾಕ್ ಕತಾರಿ ಎನಿಸಿಕೊಂಡವನು ಹುಲಿಯಾನ್ ಅಪಾಸಾ ಎಂಬ ಐಮಾರಾ ವ್ಯಾಪಾರಿ. ಅವನ ಪತ್ನಿ ಬಾರ್ತೊಲಿನಾ ಸಿಸಾ ಮತ್ತು ಸೋದರಿ ಗ್ರೆಗೊರಿಯಾ ಅಪಾಸಾ ಸ್ವತಃ ಸೇನೆಯನ್ನು ಮುನ್ನಡೆಸಿದರು. 1781ರ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ, ನಡುವೆ ಒಂದು ಬಿಡುವಿನೊಡನೆ, ಅವರು ಲಾಪಾಸ್ ನಗರವನ್ನು ಸುತ್ತುವರಿದರು. ಬೋಗುಣಿಯಂತಹ ಕಣಿವೆಯಲ್ಲಿರುವ ನಗರಕ್ಕೆ ಮೇಲಿನ ಬಯಲಿನಿಂದ ಆಹಾರದ ದಾರಿ ಮುಚ್ಚಿತು; ಒಳಗೆ ಸಾವಿರಾರು ಜನ ಹಸಿವು ಮತ್ತು ರೋಗದಿಂದ ಸತ್ತರು. ನವೆಂಬರ್‌ನಲ್ಲಿ ಕತಾರಿಯನ್ನು ಪೆನ್ಯಾಸ್ ಎಂಬಲ್ಲಿ ಕುದುರೆಗಳಿಂದ ಎಳೆಸಿ ಅಂಗಾಂಗಗಳನ್ನು ಛೇದಿಸಲಾಯಿತು. 1782ರ ಸೆಪ್ಟೆಂಬರ್ 5ರಂದು ಬಾರ್ತೊಲಿನಾ ಸಿಸಾಳನ್ನು ಲಾಪಾಸ್‌ನಲ್ಲಿ ಕೊಲ್ಲಲಾಯಿತು.

ತಾನು ಲಕ್ಷೋಪಲಕ್ಷವಾಗಿ ಮರಳುವೆನೆಂದು ಕತಾರಿ ಸಾಯುವಾಗ ನುಡಿದನೆಂಬ ಮಾತು ಇಂದು ಪ್ರಸಿದ್ಧವಾಗಿದೆ. ಅದು ಪರಂಪರೆಯು ಅವನ ಬಾಯಲ್ಲಿಟ್ಟ ಮಾತು ಎಂದು ತಿಳಿಯುವುದೇ ಸರಿ. ಆದರೂ ಎರಡು ಶತಮಾನಗಳ ನಂತರದ ಜನ ಅದನ್ನು ಏಕೆ ನಂಬಿದರು ಎಂಬುದು ಚರಿತ್ರೆಕಾರನು ಕೇಳಲೇಬೇಕಾದ ಪ್ರಶ್ನೆ.

ಭೂಮಿ ಮತ್ತು ದಾಖಲೆ

1825ರಲ್ಲಿ ಬೊಲಿವಿಯಾ ಸ್ವತಂತ್ರವಾಯಿತು. ಆದರೆ ಮೂಲನಿವಾಸಿಗಳ ಮೇಲಿನ ತಲೆಗಂದಾಯ ಬೇಗನೆ ಮರಳಿ ಬಂದಿತು. 1866ರಲ್ಲಿ ಮೆಲ್ಗಾರೆಹೊ ಸರ್ಕಾರ ಸಮುದಾಯದ ಭೂಮಿಯ ಮಾರಾಟಕ್ಕೆ ದಾರಿ ತೆರೆಯಿತು. 1874ರ ಕಾನೂನು ಐಯುವನ್ನು ಕಾನೂನಿನ ದೃಷ್ಟಿಯಲ್ಲಿ ಇಲ್ಲವಾಗಿಸಿ ಭೂಮಿಯನ್ನು ವ್ಯಕ್ತಿಗಳ ಹೆಸರಿಗೆ ಬಿಡಿಸಲು ಮುಂದಾಯಿತು. ಜಮೀನ್ದಾರಿಗಳು ಬೆಳೆದವು. 1899ರ ಅಂತರ್ಯುದ್ಧದಲ್ಲಿ ಪಾಬ್ಲೊ ಸಾರಾತೆ ವಿಲ್ಕಾ ಭೂಮಿ ಮರಳುವ ನಿರೀಕ್ಷೆಯಿಂದ ಲಿಬರಲ್ ಪಕ್ಷದ ಪರವಾಗಿ ಹೋರಾಡಿದ; ಗೆದ್ದ ಪಕ್ಷ ಅವನನ್ನೇ ಸೆರೆಗೆ ತಳ್ಳಿತು.

ಆಯುಧ ಸೋತಲ್ಲಿ ಐಮಾರರು ದಾಖಲೆಯನ್ನು ಹಿಡಿದರು. ವಸಾಹತು ಕಾಲದಲ್ಲಿ ಸ್ಪೇನಿನ ದೊರೆತನಕ್ಕೆ ಹಣ ತೆತ್ತು ಹಕ್ಕುಪತ್ರ ಪಡೆದ ಸಮುದಾಯಗಳ ಭೂಮಿಗೆ 1883ರ ಕಾನೂನು ವಿನಾಯಿತಿ ನೀಡಿತ್ತು. ಪೂರ್ವಜರು ಪಡೆದ ಪತ್ರ ಸಿಕ್ಕಿದರೆ ನೆಲ ಉಳಿಯುತ್ತಿತ್ತು, ಸಿಗದಿದ್ದರೆ ಹೋಗುತ್ತಿತ್ತು. ಹೀಗಾಗಿ ಸಮುದಾಯಗಳ ಮುಖಂಡರು ಪ್ರತಿನಿಧಿಗಳಾಗಿ ಪತ್ರಾಗಾರಗಳನ್ನು ಅರಸಿ ಹೊರಟರು. ಅವರಲ್ಲಿ ಪ್ರಮುಖನಾದ ಸಾಂತೋಸ್ ಮಾರ್ಕಾ ತುಲಾ ದಶಕಗಳ ಕಾಲ ಹಕ್ಕುಪತ್ರಗಳನ್ನು ಹುಡುಕಿ, ನಕಲು ಮಾಡಿಸಿ, ಸರ್ಕಾರಕ್ಕೆ ಅರ್ಜಿ ಸಲ್ಲಿಸಿದ. ಹಲವು ಬಾರಿ ಸೆರೆಮನೆ ಕಂಡ. ಅರ್ಜಿಗಳನ್ನು ಬರೆದುಕೊಟ್ಟ ಲಿಪಿಕಾರರಲ್ಲಿ ಲೆಯಾಂದ್ರೊ ಕೊಂದೊರಿ ಚುರಾ ಎಂಬ ಐಮಾರಾ ಬರಹಗಾರನ ನೆನಪುಗಳು ಪುಸ್ತಕವಾಗಿ ಉಳಿದಿವೆ. ತಮ್ಮನ್ನು ತುಳಿಯಲು ಬಂದ ಅಕ್ಷರವನ್ನೇ ಗತಕಾಲದ ಸಾಕ್ಷಿಯಾಗಿ ತಿರುಗಿಸಿದ ಈ ಪ್ರಯತ್ನವು ಐಮಾರಾ ಚರಿತ್ರೆಯ ಮಹತ್ವದ ಅಧ್ಯಾಯ.

1931ರ ಆಗಸ್ಟ್ 2ರಂದು ಅವೆಲಿನೊ ಸಿನ್ಯಾನಿ ಮತ್ತು ಎಲಿಸಾರ್ದೊ ಪೆರೆಸ್ ವಾರಿಸಾತಾದಲ್ಲಿ ಸ್ಥಾಪಿಸಿದ ಐಯು ಶಾಲೆಯೂ ಇದೇ ಧಾರೆಗೆ ಸೇರುತ್ತದೆ. ಬೊಲಿವಿಯಾದ 2010ರ ಶಿಕ್ಷಣ ಕಾಯಿದೆ ಈ ಇಬ್ಬರ ಹೆಸರನ್ನು ಹೊತ್ತಿದೆ.

ದೀರ್ಘ ಸ್ಮೃತಿ

1952ರ ಕ್ರಾಂತಿ ಎಲ್ಲರಿಗೂ ಮತದಾನದ ಹಕ್ಕು ನೀಡಿತು. 1953ರಲ್ಲಿ ಭೂಸುಧಾರಣೆ ಬಂದಿತು. ಆದರೆ ಅದು ಐಮಾರರನ್ನು ರೈತರೆಂದು ಗುರುತಿಸಿತೇ ಹೊರತು ಜನಾಂಗವೆಂದು ಗುರುತಿಸಲಿಲ್ಲ. 1973ರ ತಿವಾನಾಕು ಪ್ರಣಾಳಿಕೆ ಈ ಕೊರತೆಯನ್ನು ಎತ್ತಿ ತೋರಿಸಿತು. ಕತಾರಿಯ ಹೆಸರಿನಲ್ಲಿಯೇ ಚಳವಳಿ ರೂಪುಗೊಂಡಿತು. ಸಿಲ್ವಿಯಾ ರಿವೇರಾ ಕುಸಿಕಾಂಕಿ 1984ರ ತಮ್ಮ ಕೃತಿಯಲ್ಲಿ 1952ರ 'ಹ್ರಸ್ವ ಸ್ಮೃತಿ' ಮತ್ತು 1781ರ 'ದೀರ್ಘ ಸ್ಮೃತಿ' ಎಂಬ ಭೇದವನ್ನು ಮಂಡಿಸಿ, ಐಮಾರಾ ಚಳವಳಿಗೆ ಎರಡನೆಯದೇ ಬಲ ನೀಡಿತೆಂದು ವಾದಿಸಿದರು. ಐಮಾರಾ ವಿದ್ಯಾರ್ಥಿಗಳೊಡನೆ ಅವರು 1983ರಲ್ಲಿ ಕಟ್ಟಿದ ಆಂಡೀಸ್ ಮೌಖಿಕ ಇತಿಹಾಸ ಕಾರ್ಯಾಗಾರವು ಹಳ್ಳಿಯ ಹಿರಿಯರಿಂದ ಮಾರ್ಕಾ ತುಲಾನ ಕಥೆಯನ್ನು ಸಂಗ್ರಹಿಸಿ ಬಾನುಲಿ ಧಾರಾವಾಹಿಯಾಗಿ ಹಳ್ಳಿಗಳಿಗೇ ಮರಳಿಸಿತು.

2003ರ ಅಕ್ಟೋಬರ್‌ನಲ್ಲಿ, ಲಾಪಾಸ್‌ನ ನೆತ್ತಿಯ ಮೇಲಿರುವ ಐಮಾರಾಬಹುಳ ನಗರ ಎಲ್ ಆಲ್ಟೊ, ಅನಿಲ ರಫ್ತಿನ ವಿರುದ್ಧ ರಾಜಧಾನಿಯ ದಾರಿಗಳನ್ನು ಮುಚ್ಚಿತು. ಅರವತ್ತಕ್ಕೂ ಹೆಚ್ಚು ಜನ ಸತ್ತರು. ಅಕ್ಟೋಬರ್ 17ರಂದು ಅಧ್ಯಕ್ಷರು ರಾಜೀನಾಮೆ ನೀಡಿದರು. 1781ರ ಮುತ್ತಿಗೆಯ ನೆನಪು ಎರಡೂ ಕಡೆಯವರಲ್ಲಿ ಮರುಕಳಿಸಿತು. ಐಮಾರಾ ಮೂಲದ ಎವೊ ಮೊರಾಲೆಸ್ 2006ರ ಜನವರಿ 21ರಂದು ತಿವಾನಾಕುವಿನಲ್ಲಿ ಸಾಂಪ್ರದಾಯಿಕ ವಿಧಿಯೊಡನೆ ಅಧಿಕಾರದ ದಂಡವನ್ನು ಸ್ವೀಕರಿಸಿದರು. 2009ರ ಸಂವಿಧಾನವು ದೇಶವನ್ನು ಬಹುರಾಷ್ಟ್ರೀಯವೆಂದು ಘೋಷಿಸಿ, ಸ್ಪ್ಯಾನಿಷ್‌ನೊಡನೆ ಐಮಾರಾವೂ ಸೇರಿದಂತೆ 36 ಭಾಷೆಗಳಿಗೆ ಅಧಿಕೃತ ಸ್ಥಾನ ನೀಡಿತು. 'ಸುಮಾ ಕಮಾನ್ಯಾ', ಅಂದರೆ ಎಲ್ಲರೊಡನೆ ಸೇರಿ ಚೆನ್ನಾಗಿ ಬಾಳುವುದು ಎಂಬ ಐಮಾರಾ ತತ್ವ ಸಂವಿಧಾನದ ಮೌಲ್ಯಗಳಲ್ಲಿ ಒಂದಾಯಿತು. 2019ರಲ್ಲಿ ಮೊರಾಲೆಸ್ ಅಧಿಕಾರ ತೊರೆದರು. 2025ರ ಚುನಾವಣೆಯಲ್ಲಿ ಅವರು ಕಟ್ಟಿದ ಪಕ್ಷವೂ ಅಧಿಕಾರ ಕಳೆದುಕೊಂಡಿತು.

ಪ್ರಭುತ್ವದ ಕೈಗೆ ಬಂದ ಗತಕಾಲ ಹೊಸ ರೂಪಗಳನ್ನೂ ತಾಳುತ್ತದೆ. ಜೂನ್ 21ರ ಐಮಾರಾ ಹೊಸವರ್ಷವನ್ನು 2009ರಲ್ಲಿ ರಾಷ್ಟ್ರೀಯ ರಜಾದಿನವಾಗಿ ಘೋಷಿಸಲಾಯಿತು. 2025ನ್ನು 5533ನೆಯ ವರ್ಷವೆಂದು ಎಣಿಸಲಾಯಿತು. ಐದು ಸಾವಿರ ವರ್ಷಗಳಿಗೆ 1492ರಿಂದ ಕಳೆದ ವರ್ಷಗಳನ್ನು ಕೂಡಿಸುವ ಈ ಗಣನೆ ಆಧುನಿಕ ಕಾಲದ್ದು. ಸೂರ್ಯನ ಮೊದಲ ಕಿರಣಕ್ಕೆ ಅಂಗೈಯೊಡ್ಡುವ ಭಕ್ತಿ ಮಾತ್ರ ಅದರಿಂದ ಸುಳ್ಳಾಗುವುದಿಲ್ಲ.

ಸಮಾರೋಪ

ಐಮಾರಾ ಚರಿತ್ರೆಯಲ್ಲಿ ಗತಕಾಲವು ಕೇವಲ ಹೆಮ್ಮೆಯ ವಿಷಯವಾಗಿ ಉಳಿಯಲಿಲ್ಲ; ಭೂಮಿ, ಭಾಷೆ ಮತ್ತು ಆಳ್ವಿಕೆಯ ಹಕ್ಕು ಅದನ್ನು ಅವಲಂಬಿಸಿತ್ತು. ತಿವಾನಾಕುವಿನ ವಾರಸುದಾರಿಕೆ, ಕತಾರಿಯ ಕೊನೆಯ ಮಾತು, ಹೊಸವರ್ಷದ ಎಣಿಕೆ ಇವು ಪುರಾವೆಯ ಒರೆಗಲ್ಲಿಗೆ ಪೂರ್ಣವಾಗಿ ನಿಲ್ಲದಿರಬಹುದು. ಆದರೆ 1567ರ ತನಿಖಾ ವರದಿ, ಮಾರ್ಕಾ ತುಲಾ ಅರಸಿದ ಹಕ್ಕುಪತ್ರಗಳು ಮತ್ತು ಹಿರಿಯರ ಮೌಖಿಕ ಸಾಕ್ಷ್ಯ ನಿಲ್ಲುತ್ತವೆ. ಇವೆರಡನ್ನೂ ಬೇರ್ಪಡಿಸಿ ನೋಡುವುದು ಐಮಾರರ ಸ್ಮೃತಿಗೆ ಮಾಡುವ ಅಪಚಾರವಲ್ಲ. ಕಂಡದ್ದನ್ನು ಕಂಡದ್ದೆಂದೂ, ಕೇಳಿದ್ದನ್ನು ಕೇಳಿದ್ದೆಂದೂ ಬೇರ್ಪಡಿಸಿ ಹೇಳಬೇಕೆಂಬುದು ಅವರ ಭಾಷೆಯೇ ವಿಧಿಸಿರುವ ನಿಯಮ.