‘ಧಾರವಾಡಕ್ಕ ಕಳಸ್ರಿ’: ಒಂದು ಜೋಕಿನ ಚರಿತ್ರೆ

ನಮ್ಮ ಕಡೆ ಯಾರಾದರೂ ಸ್ವಲ್ಪ ಬೇರೆ ಥರ ಆಡಿದರೆ ‘ಇವನ್ನ ಧಾರವಾಡಕ್ಕ ಕಳಸ್ರಿ’ ಅಂತಾರೆ. ಪೇಢೆ ತರಲಿಕ್ಕೆ ಅಂತ ಯಾರೂ ತಿಳಿಯುವುದಿಲ್ಲ. ಬೆಳಗಾವಿ ರಸ್ತೆಯ ಆಸ್ಪತ್ರೆ ಎಲ್ಲರಿಗೂ ಗೊತ್ತು. ಧಾರವಾಡದಲ್ಲೇ ಹುಟ್ಟಿದವರನ್ನು ಎಲ್ಲಿಗೆ ಕಳಿಸಬೇಕು ಅನ್ನುವುದನ್ನು ಮಾತ್ರ ಈ ಜೋಕು ಹೇಳುವುದಿಲ್ಲ.

ಒಂಟಿ ಗಂಡಸೊಬ್ಬ ಆಪ್ತಸಮಾಲೋಚಕರ ಮುಂದೆ ಕೂತು, ಮಾರಿ ಮೇಲೆ ನಗೆಯ ಸುಳಿವಿಲ್ಲದೆ ತನ್ನ ಕತೆ ಹೇಳುತ್ತಾನೆ, ನೋಡುವವರಿಗೆ ನಗು ತಡೆಯುವುದಿಲ್ಲ. ಇಂಥ ಕಿರುಚಿತ್ರಗಳು ಈಗ ಮೊಬೈಲಿನಲ್ಲಿ ಸಿಗುತ್ತವೆ. ಕನ್ನಡದ ತೆರೆ ಇಂಥ ಗಂಡಸನ್ನು ಆ ಕುರ್ಚಿಯಲ್ಲಿ ಕೂರಿಸಲು ಯಾಕೆ ಇಷ್ಟು ತಡಮಾಡಿತು? ಉತ್ತರ ಹುಡುಕುತ್ತ ಹೋದರೆ ಅದೇ ಆಸ್ಪತ್ರೆಯ ಬಾಗಿಲಿಗೆ ಬಂದು ನಿಲ್ಲುತ್ತೇವೆ.

ಧಾರವಾಡದಲ್ಲಿ ಹುಚ್ಚಾಸ್ಪತ್ರೆ ಶುರುವಾದದ್ದು 1845ರಲ್ಲಿ. ಆಗ ನಾವು ಮುಂಬಯಿ ಪ್ರಾಂತ್ಯದವರು. 1858ರ ಕಾಯ್ದೆ, ಆಮೇಲೆ 1912ರ ಲ್ಯೂನಸಿ ಕಾಯ್ದೆ, ಎರಡರಲ್ಲೂ ಪೊಲೀಸರಿಗೆ ಮತ್ತು ಮ್ಯಾಜಿಸ್ಟ್ರೇಟರಿಗೆ ದೊಡ್ಡ ಪಾತ್ರವಿತ್ತು. ಅಂದರೆ ಬಹುಪಾಲು ಜನ ಇಲ್ಲಿಗೆ ತಾವಾಗಿ ಬರುತ್ತಿರಲಿಲ್ಲ, ಅವರನ್ನು ‘ಕಳಿಸುತ್ತಿದ್ದರು’. ನಮ್ಮ ಜೋಕಿನ ಕ್ರಿಯಾಪದಕ್ಕೆ ಹೀಗೆ ಕಾನೂನಿನ ಬೆಂಬಲವೇ ಇತ್ತು. ಮುಂದೆ ಹುಚ್ಚಾಸ್ಪತ್ರೆ ಹೋಗಿ ಮಾನಸಿಕ ಆಸ್ಪತ್ರೆ ಆಯಿತು, ಈ ಶತಮಾನದಲ್ಲಿ ಡಿಮ್ಹಾನ್ಸ್ ಆಯಿತು. ಬೋರ್ಡು ಬದಲಾದಷ್ಟು ಬೇಗ ಜನರ ಬಾಯಿ ಬದಲಾಗಲಿಲ್ಲ.

ನಮ್ಮ ಸಿನಿಮಾ ಈ ವಿಷಯವನ್ನು ಮುಟ್ಟಲೇ ಇಲ್ಲ ಅನ್ನುವಂತಿಲ್ಲ. ಮನಃಶಾಸ್ತ್ರ ಓದಿದ್ದ ತ್ರಿವೇಣಿಯವರ ‘ಶರಪಂಜರ’ವನ್ನು ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆರೆಗೆ ತಂದರು. ಕಲ್ಪನಾ ಮಾಡಿದ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿಯೇ ಮನೆಗೆ ಬರುತ್ತಾಳೆ. ಅವಳು ಗುಣವಾಗಿದ್ದಾಳೆ ಅಂತ ನಂಬದವರು ಮನೆಯವರು, ನೆರೆಯವರು. ಕೊನೆಗೆ ಅವಳು ಮತ್ತೆ ಆಸ್ಪತ್ರೆಗೇ ಹೋಗಬೇಕಾಗುತ್ತದೆ. ಹತ್ತು ವರ್ಷದ ನಂತರ, 1982ರ ‘ಮಾನಸ ಸರೋವರ’ದಲ್ಲಿ ಪುಟ್ಟಣ್ಣ ಮನೋವೈದ್ಯನನ್ನೇ ಮನೋರೋಗಿ ಮಾಡಿದರು. ಶ್ರೀನಾಥರ ಆ ಡಾಕ್ಟರು ನಮಗೆ ನೆನಪಿರುವ ದೊಡ್ಡ ಒಂಟಿ ಗಂಡಸು. ಆದರೆ ಅವನ ಪಾಲಿಗೆ ಬಂದದ್ದು ಕಣ್ಣೀರು. ನಗುವ ಹಕ್ಕು ಅವನಿಗೂ ಇರಲಿಲ್ಲ, ನಮಗೂ ಇರಲಿಲ್ಲ.

ಇನ್ನೊಂದು ಕಡೆ ಹಾಸ್ಯ ದೃಶ್ಯಗಳಲ್ಲಿ ‘ಹುಚ್ಚ’ ಬಂದರೆ ತಲೆಕೆದರಿಕೊಂಡೇ ಬರಬೇಕು, ನಗುವುದು ಅವನನ್ನು ನೋಡಿ. ಹೀಗೆ ನಮಗೆ ಎರಡೇ ದಾರಿ ಉಳಿದವು: ಒಂದೋ ಅಳಬೇಕು, ಇಲ್ಲವೇ ಆಡಿಕೊಳ್ಳಬೇಕು. ತನ್ನ ಕಷ್ಟಕ್ಕೆ ತಾನೇ ನಗುವವನಿಗೆ ಜಾಗವಿರಲಿಲ್ಲ.

ಮೂರನೆಯ ದಾರಿ ಕನ್ನಡದ ಪುಟಗಳಲ್ಲಿ ಮೊದಲೇ ಇತ್ತು ಅನ್ನುವುದೇ ಸೋಜಿಗ. ‘ರಾಶಿ’ ಎಂಬ ಹೆಸರಲ್ಲಿ ಬರೆಯುತ್ತಿದ್ದ ಡಾ. ಎಂ. ಶಿವರಾಂ ವೃತ್ತಿಯಿಂದ ವೈದ್ಯರು. ‘ಕೊರವಂಜಿ’ ಹಾಸ್ಯ ಪತ್ರಿಕೆಯನ್ನು 1942ರಲ್ಲಿ ಶುರುಮಾಡಿ 25 ವರ್ಷ ನಡೆಸಿದರು. ಅದೇ ಮನುಷ್ಯ ಮನಸ್ಸಿನ ಕಾಯಿಲೆಗಳ ಬಗ್ಗೆ ‘ಮನಮಂಥನ’ ಬರೆದು 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ನಗೆ ಮತ್ತು ಚಿಕಿತ್ಸೆ ಒಂದೇ ಮೇಜಿನ ಮೇಲೆ ಇರಬಹುದು ಅಂತ ಅವರು ಎಂದೋ ತೋರಿಸಿದ್ದರು. ತೆರೆಯ ಮೇಲೆ ಅದರ ಹತ್ತಿರಕ್ಕೆ ಬಂದದ್ದು ರಾಜ್ ಬಿ. ಶೆಟ್ಟಿಯವರ 2017ರ ‘ಒಂದು ಮೊಟ್ಟೆಯ ಕಥೆ’. ಬೋಳುತಲೆಯ ಕನ್ನಡ ಮೇಷ್ಟ್ರು ಅಲ್ಲಿ ನಗುವುದು ಕಡಿಮೆ, ನಗಿಸುವುದು ಹೆಚ್ಚು. ಆದರೆ ಅವನು ಯಾವ ಸಮಾಲೋಚಕರ ಹತ್ತಿರವೂ ಹೋಗಲಿಲ್ಲ. ಅವನಿಗೆ ಬೇಕಾದದ್ದು ಹುಡುಗಿ.

ಅದೇ 2017ರಲ್ಲಿ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂತು. ಚಿಕಿತ್ಸೆ ಪಡೆಯುವುದು ಹಕ್ಕು ಅಂತ ಅದು ಹೇಳಿತು. ಪತ್ರಕರ್ತರಾದ ನಮಗೂ ಅದರಲ್ಲಿ ಒಂದು ಪಾಠವಿದೆ: ಆಸ್ಪತ್ರೆಯಲ್ಲಿ ಚಿಕಿತ್ಸೆಯಲ್ಲಿರುವವರ ಫೋಟೊ, ವಿವರಗಳನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ‘ಹುಚ್ಚನ ರಂಪಾಟ’ ಅಂತ ಸುದ್ದಿ ಕಳಿಸಿ, ತಲೆಬರಹ ಚಂದ ಬಂತು ಅಂತ ಚಹಾ ಕುಡಿದವರು ನಾವೂ ಹೌದು. ಆ ಮನುಷ್ಯನ ಹೆಸರು ಏನು, ಮನೆಗೆ ಯಾರಿದ್ದಾರೆ ಅಂತ ಅವತ್ತು ನಾವು ಕೇಳಿರಲಿಲ್ಲ.

2022ರ ಅಕ್ಟೋಬರ್ 10ರಿಂದ 14416ಕ್ಕೆ ಫೋನ್ ಮಾಡಿದರೆ ಟೆಲಿ ಮನಸ್ ಸಮಾಲೋಚಕರು ಸಿಗುತ್ತಾರೆ. ಆದರೂ ನಮ್ಮೂರಿನ ಒಂಟಿ ಗಂಡಸು ಆ ನಂಬರು ಒತ್ತುವ ಮೊದಲು ಎರಡು ಸಲ ಯೋಚಿಸುತ್ತಾನೆ. ಮಂದಿ ಏನಂತಾರೆ ಅನ್ನುವುದು ಅವನಿಗೆ ಬಾಯಿಪಾಠ, ಯಾಕೆಂದರೆ ಆ ಜೋಕನ್ನು ಅವನೂ ಹೇಳಿದ್ದಾನೆ.

ಅವನ ಮೇಲೆ ಒಂದು ನಗೆಚಿತ್ರ ಬರಲಿ ಅಂತ ನಮ್ಮ ಆಸೆ. ಕೊನೆಯ ದೃಶ್ಯದಲ್ಲಿ ಬಸ್ಸಿನಲ್ಲಿ ಕೂತವರು ಎಲ್ಲಿಗೆ ಹೊಂಟಿ ಅಂತ ಕೇಳಬೇಕು. ಅವನು ಮಾರಿ ಬದಲಿಸದೆ ‘ಧಾರವಾಡಕ್ಕ’ ಅನ್ನಬೇಕು. ‘ಯಾರ್ ಕಳಸ್ಯಾರ?’ ಅಂದರೆ ‘ನಾನ ಹೊಂಟೇನ್ರಿ’ ಅನ್ನಬೇಕು.